ಹರಕೆಯ ಗಡ್ಡ, ರಬ್ಬರಿನ ಮಾಸ್ಕ್

ನಮ್ಮ ಡೊಂಬಿವಲಿಯ ಮನೆಯಲ್ಲಿ ದೇವರಿಗೆ ಬೇರೆ ಕೋಣೆ ಇಲ್ಲ. ಅಡುಗೆಮನೆಯ ಗೋಡೆಗೆ ಹೊಡೆಸಿದ ಹಲಗೆಯ ಮೇಲೆ ದೇವರು, ಹಲಗೆಯ ಕೆಳಗೆ ಮಿಕ್ಸಿ. ಅದರ ಪಕ್ಕದ ಮೊಳೆಗೆ ಪ್ರತಿ ಗುರುವಾರ ಸಂಜೆ ಒಂದು ರಬ್ಬರಿನ ಮಾಸ್ಕ್ ಬಂದು ತೂಗುತ್ತದೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಕಪ್ಪು ಬಟ್ಟಲು, ಎಡಕ್ಕೊಂದು ಬಲಕ್ಕೊಂದು ದುಂಡನೆಯ ಫಿಲ್ಟರ್, ತಲೆಯ ಹಿಂದಕ್ಕೆ ಎಳೆದು ಕಟ್ಟುವ ಪಟ್ಟಿ. ಮನೆಗೆ ಬಂದವರು ಮೊದಲು ದೇವರನ್ನು ನೋಡಿ ಕೈ ಮುಗಿಯುತ್ತಾರೆ, ಆಮೇಲೆ ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ನಾನು ಏನೂ ವಿವರಿಸುವುದಿಲ್ಲ. ಈ ಮನೆಯಲ್ಲಿ ಒಲೆಯಿಂದ ದೂರವಿರುವ, ಬಿಸಿಲು ಬೀಳದ, ಒದ್ದೆ ಟವೆಲು ತಾಗದ ಮೊಳೆ ಇರುವುದು ಅದೊಂದೇ.

ಮಾಸ್ಕ್ ನಮ್ಮ ಯಜಮಾನರದ್ದು. ಇವರು ಅಂಬರನಾಥದ ಒಂದು ಬಣ್ಣದ ಪುಡಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮದುವೆಯಾಗಿ ಊರಿನಿಂದ ಬಂದ ಮೊದಲ ವಾರದಲ್ಲೇ ನನಗೆ ಗೊತ್ತಾಗಿತ್ತು, ಇವರ ಬನಿಯನ್ನನ್ನು ಬೇರೆ ಬಟ್ಟೆಯ ಜೊತೆ ನೆನೆಸಬಾರದು ಎಂದು. ಆ ಕಾರ್ಖಾನೆಯಲ್ಲಿ ಹಳದಿ, ಕೆಂಪು, ನೀಲಿ ಮೂರೂ ತಯಾರಾಗುತ್ತವೆ. ಸ್ನಾನದ ನೀರು ಯಾವ ಬಣ್ಣದಲ್ಲಿ ಮೋರಿಗೆ ಹರಿಯಿತು ಎಂದು ನೋಡಿ, ಇವತ್ತು ಅಲ್ಲಿ ಏನು ಚೀಲಕ್ಕೆ ತುಂಬಿದರು ಎಂದು ನಾನು ಹೇಳಬಲ್ಲೆ. ಅದರಲ್ಲಿ ನೀಲಿಯಷ್ಟು ಹಟಮಾರಿ ಬಣ್ಣ ಇನ್ನೊಂದಿಲ್ಲ. ದಿಂಬಿನ ಕವರಿನ ಮೇಲೆ ಕೂತರೆ ಅದು ಕವರಿನ ಜೊತೆಗೇ ಮುದಿಯಾಗುತ್ತದೆ.

ಸಂಜೆ ದೀಪ ಹಚ್ಚುವಾಗ ಆ ದಿನ ಸಿಕ್ಕ ಮೂರು ಒಳ್ಳೆಯ ಸಂಗತಿಗಳನ್ನು ಬೆರಳಿನಲ್ಲಿ ಎಣಿಸುವ ಅಭ್ಯಾಸ ನನಗೆ ಅಮ್ಮನಿಂದ ಬಂದದ್ದು. ಇಲ್ಲಿಗೆ ಬಂದ ಮೇಲೂ ಬಿಟ್ಟಿಲ್ಲ. ಬೆಳಿಗ್ಗೆ ಇಡೀ ಡೊಂಬಿವಲಿ ಮುಂಬೈ ಕಡೆಗೆ ನುಗ್ಗುವಾಗ ಇವರು ಎದುರಿನ ಪ್ಲಾಟ್‌ಫಾರ್ಮಿನಿಂದ ಬದ್ಲಾಪುರದ ಗಾಡಿ ಹಿಡಿದು ಕಿಟಕಿಯ ಪಕ್ಕ ಕೂತು ಹೋಗುತ್ತಾರೆ, ಅದು ಒಂದು. ನಲ್ಲಿ ನೀರು ಹೇಳಿದ ಹೊತ್ತಿಗೆ ಬಂದರೆ ಎರಡು. ಮೂರನೆಯದಕ್ಕೆ ಕೆಲವು ದಿನ ಹುಡುಕಾಡಬೇಕಾಗುತ್ತದೆ. ಇವರ ಕೆಮ್ಮು ಶುರುವಾದ ವರ್ಷ ನಾನು ಮೂರನೆಯ ಬೆರಳನ್ನು ಮಡಚದೆ ಎಷ್ಟೋ ಸಂಜೆ ಎದ್ದಿದ್ದೇನೆ.

ಆ ಮಳೆಗಾಲದುದ್ದಕ್ಕೂ ಇವರು ಕೆಮ್ಮಿದರು. ಮೆಟ್ಟಿಲು ಹತ್ತುವಾಗ ಎರಡನೆಯ ಮಾಳಿಗೆಯಿಂದಲೇ ಸದ್ದು ಕೇಳಿ ನಾನು ಚಹಾಕ್ಕೆ ನೀರಿಡುತ್ತಿದ್ದೆ. ಡಾಕ್ಟರು ಎಕ್ಸ್‌ರೇ ತೆಗೆಸಿದರು. ಇನ್ನೂ ಹಾಳಾಗಿಲ್ಲ, ಆದರೆ ಧೂಳು ಹೀಗೇ ಹೋಗುತ್ತಿದ್ದರೆ ನಾನು ಜವಾಬ್ದಾರನಲ್ಲ ಎಂದರು. ಕಾರ್ಖಾನೆಯಲ್ಲಿ ಆಗ ಇದ್ದದ್ದು ತೆಳ್ಳನೆಯ ಕಾಗದದ ಮಾಸ್ಕ್. ಅದನ್ನು ಹೆಚ್ಚಿನವರು ಗಂಟಲಿಗೆ ಇಳಿಬಿಟ್ಟು ಒದ್ದೆ ಕರ್ಚೀಫು ಕಟ್ಟಿಕೊಳ್ಳುತ್ತಿದ್ದರು. ಪ್ಯಾಕಿಂಗ್ ವಿಭಾಗದ ಬಾಗಿಲಲ್ಲಿ ಒಂದು ತಟ್ಟೆಯಲ್ಲಿ ಬೆಲ್ಲ ಇಟ್ಟಿರುತ್ತಿತ್ತು. ಪುಡಿಯಲ್ಲಿ ನಿಂತು ಹೊರಬಂದವರು ಒಂದು ತುಂಡು ಬಾಯಿಗೆ ಹಾಕಿಕೊಳ್ಳುವುದು. ಗಂಟಲಿಗಿಳಿದ ಧೂಳನ್ನು ಬೆಲ್ಲ ಎಳೆದುಕೊಂಡು ಹೋಗುತ್ತದೆ ಎಂಬ ನಂಬಿಕೆ. ನಾನೂ ನಂಬಿದ್ದೆ. ಊರಿನಿಂದ ಓಲೆಬೆಲ್ಲ ತರಿಸಿ ಊಟದ ಡಬ್ಬಿಯಲ್ಲಿ ಕಳಿಸುತ್ತಿದ್ದೆ. ಬೆಲ್ಲ ಖಾಲಿಯಾಗಿ ಬರುತ್ತಿತ್ತು, ಕೆಮ್ಮು ತುಂಬಿಕೊಂಡು ಬರುತ್ತಿತ್ತು.

ಸಣ್ಣಪುಟ್ಟದ್ದಕ್ಕೆ ನಾನು ಟಿಟ್ವಾಳಾದ ಗಣಪತಿಗೆ ಹೇಳಿಕೊಳ್ಳುವವಳು. ಇದು ಸಣ್ಣದಲ್ಲ ಎನ್ನಿಸಿತು. ಇವರು ಮದುವೆಗೆ ಮೊದಲು ಮೂರು ಸಲ ಶಬರಿಮಲೆಗೆ ಹೋಗಿ ಬಂದವರು. ಒಂದು ಶನಿವಾರ ಅಯ್ಯಪ್ಪನ ಗುಡಿಯಲ್ಲಿ ಎಳ್ಳೆಣ್ಣೆಯ ದೀಪವಿಟ್ಟು ಹರಕೆ ಹೇಳಿಕೊಂಡೆ: ಈ ಕೆಮ್ಮು ಇಳಿಯಲಿ, ಇವರು ಮಾಲೆ ಹಾಕಿ, ವ್ರತ ಹಿಡಿದು, ನಿನ್ನ ಬೆಟ್ಟ ಹತ್ತುತ್ತಾರೆ. ಮನೆಗೆ ಬಂದು ಹೇಳಿದಾಗ ಇವರು ಪೇಪರಿನಿಂದ ತಲೆಯೆತ್ತಿ, "ಕೆಮ್ಮು ನನ್ನದು, ಹರಕೆ ನಿಂದು, ಹತ್ತುವುದು ಪುನಃ ನಾನಾ? ನನ್ನನ್ನೊಂದು ಮಾತು ಕೇಳ್ಬೇಕು ಅಂತ ಕಾಣ್ಲಿಲ್ವಾ ಮಾರಾಯ್ತಿ?" ಎಂದರು.

"ಕೇಳಿದ್ರೆ ಒಪ್ತಿದ್ರಾ?"

"ಇಲ್ಲ."

"ಮತ್ತೆ?"

ನಮ್ಮ ಮನೆಯ ಮಾತು ತುಳು. ಜಗಳ ಮಾತ್ರ ಕನ್ನಡದಲ್ಲಿ ನಡೆಯುತ್ತದೆ, ಯಾಕೆಂದರೆ ಇಲ್ಲೇ ಹುಟ್ಟಿದ ಮಗಳಿಗೆ ತುಳು ಪೂರ್ತಿ ತಿಳಿಯುತ್ತದೆ, ಕನ್ನಡ ಅರ್ಧ. ಅವಳು ನಮ್ಮಿಬ್ಬರನ್ನೂ ನೋಡಿ ಹಿಂದಿಯಲ್ಲಿ, "ಫಿರ್ ಸೇ ಶುರೂ," ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಚೌತಿಯ ಹೊತ್ತಿಗೆ ಕಾರ್ಖಾನೆಗೆ ಹೊಸ ಸೇಫ್ಟಿ ಆಫೀಸರ್ ಬಂದಳು. ಮೈಸೂರಿನ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬೇಕು. ಅವಳು ಬಂದ ತಿಂಗಳಲ್ಲೇ ಕಾಗದದ ಮಾಸ್ಕ್ ಹೋಗಿ ಈ ರಬ್ಬರಿನದು ಬಂತು. ಕಾರ್ಖಾನೆಯಲ್ಲಿ ಎಲ್ಲರೂ ಮಾಸ್ಕ್ ಎನ್ನುತ್ತಾರೆ, ಅವಳು ಮಾತ್ರ ರೆಸ್ಪಿರೇಟರ್ ಎಂದು ತಿದ್ದುತ್ತಾಳೆ. ಒಬ್ಬೊಬ್ಬರಿಗೆ ಒಂದೊಂದು, ಹೆಸರು ಬರೆದದ್ದು. ಇವರು ಮನೆಗೆ ಬಂದು ಗೊಣಗಿದ್ದೇ ಗೊಣಗಿದ್ದು. ಉಸಿರು ಕಟ್ಟುತ್ತದೆ, ಬೆವರುತ್ತದೆ, ಮಾತಾಡಿದರೆ ಮಡಕೆಯೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ಇಷ್ಟು ವರ್ಷ ಏನಾಗಿದೆ ಎಂದು ಕೇಳಿದವರು ಆ ಮಾತು ಮುಗಿಸುವುದರೊಳಗೆ ಎರಡು ಸಲ ಕೆಮ್ಮಿದರು.

ದಸರಾಕ್ಕೆ ಕಾರ್ಖಾನೆಯಲ್ಲಿ ಯಂತ್ರಗಳ ಪೂಜೆ, ಮನೆಯವರನ್ನೂ ಕರೆಯುತ್ತಾರೆ. ನಾನು ಹೋದಾಗ ಆ ಹುಡುಗಿ ಒಂದು ಮೇಜಿನ ಮುಂದೆ ತಲೆಯ ಮೇಲೆ ಕೈಹೊತ್ತು ನಿಂತಿದ್ದಳು. ಕೆಲಸಗಾರರು ಭಕ್ತಿಯಿಂದ ತಮ್ಮ ತಮ್ಮ ಮಾಸ್ಕುಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದರ ಎರಡು ಫಿಲ್ಟರಿಗೂ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟಿದ್ದರು.

ನಾನು ಇವರೊಡನೆ ಕನ್ನಡದಲ್ಲಿ ಸಣ್ಣಗೆ ಜಗಳವಾಡಿದ್ದು ಅವಳ ಕಿವಿಗೆ ಬಿತ್ತು. "ಆಂಟಿ, ನೀವು ಕನ್ನಡದವ್ರಾ? ಸದ್ಯ. ನೀವಾದ್ರೂ ಹೇಳಿ ಇವ್ರಿಗೆ. ಕುಂಕುಮ ಹಚ್ಚಿದ್ರೆ ಫಿಲ್ಟರ್ ಕಟ್ಕೊಳತ್ತೆ. ಎಲ್ಲಾನೂ ಬದಲಾಯಿಸ್ಬೇಕು ಈಗ."

"ಪೂಜೆ ಮಾಡದೆ ಹೇಗೆ ಮಗಳೇ? ಇವರ ಪ್ರಾಣ ಕಾಯೋದಲ್ವಾ ಅದು?"

"ಪಟ್ಟಿಗೆ ಹಚ್ಲಿ ಆಂಟಿ, ಪಟ್ಟಿಗೆ."

ಅದು ನ್ಯಾಯವೆನ್ನಿಸಿತು. ಆ ದಿನ ಅವಳು ನಮ್ಮೆಲ್ಲರ ಎದುರಿಗೆ ಒಂದು ಪರೀಕ್ಷೆ ಮಾಡಿ ತೋರಿಸಿದಳು, ಇವರನ್ನೇ ಕೂರಿಸಿಕೊಂಡು. ಮಾಸ್ಕ್ ಹಾಕಿದ ತಲೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲದಂಥ ಗವಸು ಇಳಿಬಿಟ್ಟು, ಅದರೊಳಗೆ ಕಹಿ ನೀರನ್ನು ಹೊಗೆಯ ಹಾಗೆ ಸಿಂಪಡಿಸುವುದು. ತಲೆ ಆಡಿಸಬೇಕು, ಬಗ್ಗಬೇಕು, ಮಾತಾಡಬೇಕು. ನಾಲಗೆಗೆ ಕಹಿ ತಿಳಿದರೆ ಎಲ್ಲೋ ಸಂದಿನಿಂದ ಗಾಳಿ ನುಸುಳುತ್ತಿದೆ ಎಂದರ್ಥ. ಇವರಿಗೆ ಕಹಿ ತಿಳಿಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಗಾಳಿ ಸುಲಭದ ದಾರಿ ಹುಡುಕತ್ತೆ ಆಂಟಿ," ಎಂದಳು ಅವಳು. "ಫಿಲ್ಟರಿನಿಂದ ಎಳೆಯೋದು ಕಷ್ಟ. ಪಕ್ಕದಲ್ಲಿ ಕೂದಲೆಳೆಯಷ್ಟು ಸಂದು ಸಿಕ್ರೂ ಅಲ್ಲಿಂದಾನೇ ನುಗ್ಗತ್ತೆ. ಅದಕ್ಕೇ ರಬ್ಬರು ಚರ್ಮಕ್ಕೆ ಅಂಟಿ ಕೂರ್ಬೇಕು. ದಿನಾ ಶೇವ್ ಮಾಡ್ಬೇಕು. ಗಡ್ಡ ಇದ್ರೆ ಇದು ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ನಾನು ತಲೆಯಾಡಿಸಿದೆ. ಎರಡು ಕಿವಿಯಿಂದಲೂ ಕೇಳಿಸಿಕೊಂಡು, ತಿಳಿದವಳ ಹಾಗೆ ತಲೆಯಾಡಿಸಿದೆ. ಹೇಳಿಕೊಂಡ ಹರಕೆ ನೆನಪಿಗೆ ಬರಲಿಲ್ಲ.

ಬೆಲ್ಲದ ವಿಚಾರವನ್ನೂ ಅವಳ ಹತ್ತಿರ ಕೇಳಿದೆ. ಅವಳು ನಗಲಿಲ್ಲ. "ಬೆಲ್ಲ ಹೊಟ್ಟೆಗೆ ಹೋಗತ್ತೆ, ಧೂಳು ಶ್ವಾಸಕೋಶಕ್ಕೆ ಹೋಗತ್ತೆ. ಅವೆರಡೂ ಒಳಗೆ ಎಲ್ಲೂ ಭೇಟಿ ಆಗಲ್ಲ ಆಂಟಿ," ಎಂದಳು. ಇಷ್ಟು ವರ್ಷ ಊರಿನಿಂದ ಓಲೆಬೆಲ್ಲ ಹೊತ್ತು ತಂದವರೆಲ್ಲರ ಮುಖ ಕಣ್ಣ ಮುಂದೆ ಬಂದು ಹೋಯಿತು.

ಅವಳ ಮೇಲಿನ ಗೌರವದಿಂದಲೇ ನಾನು ಮರುವಾರ ದೊಡ್ಡ ತಪ್ಪು ಮಾಡಿದೆ. ಅಂಬರನಾಥದಲ್ಲಿ ರಜೆ ಶುಕ್ರವಾರ. ಗುರುವಾರ ಸಂಜೆ ಮಾಸ್ಕನ್ನು ಮನೆಗೆ ತನ್ನಿ, ಅಲ್ಲಿ ಧೂಳಿನಲ್ಲಿ ನೇತಾಡುವುದು ಬೇಡ, ನಾನು ಚೊಕ್ಕ ಮಾಡುತ್ತೇನೆ ಎಂದು ತರಿಸಿದೆ. ಶುಕ್ರವಾರ ಅದನ್ನು ಬಿಚ್ಚಿ, ಫಿಲ್ಟರ್ ಎರಡನ್ನೂ ಸೋಪಿನ ಪುಡಿಯಲ್ಲಿ ನೆನೆಸಿ, ಬ್ರಷ್ಷಿನಿಂದ ತಿಕ್ಕಿ, ತುಳಸಿಯ ಪಕ್ಕದ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದೆ. ಬೆಳ್ಳಗೆ ಬಂದಿದ್ದವು. ಹೆಮ್ಮೆಯಿಂದ ಮಗಳಿಗೆ ತೋರಿಸಿದೆ. ಅವಳು ಮೊಬೈಲಿನಲ್ಲಿ ಏನೋ ಹುಡುಕಿ ನೋಡಿ, "ಮಮ್ಮೀ, ತೂನೇ ಫಿಲ್ಟರ್ ಧೋಯಾ? ಸಚ್ ಮೇಂ?" ಎಂದಳು, ನಿಜಕ್ಕೂ ತೊಳೆದೆಯಾ ಎಂದು. ಆ ಹುಡುಗಿಗೆ ಫೋನ್ ಮಾಡಿ ಒಪ್ಪಿಕೊಂಡೆ. ಅವಳು ಮೆಲ್ಲಗೆ, "ಫಿಲ್ಟರ್ ತೊಳೀಬಾರ್ದು ಆಂಟಿ. ತುಂಬಿದ್ಮೇಲೆ ಬಿಸಾಕೋದು. ರಬ್ಬರ್ ಮಾತ್ರ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ," ಎಂದಳು. ಅಂದಿನಿಂದ ಹಾಗೇ ಮಾಡುತ್ತೇನೆ. ಫಿಲ್ಟರ್ ಬಿಚ್ಚಿ ಪಕ್ಕಕ್ಕಿಟ್ಟು, ಒಂದು ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ರಬ್ಬರಿನ ಒಳಭಾಗ ಒರೆಸುವುದು. ಹೊರಗೆ ಎಷ್ಟು ನೀಲಿ ಇದ್ದರೂ ಒಳಗೆ ಒರೆಸಿದ ಬಟ್ಟೆ ಬಿಳಿಯಾಗಿಯೇ ಬರುತ್ತಿತ್ತು. ಅದು ನನ್ನ ಶುಕ್ರವಾರದ ಮೊದಲ ಬೆರಳು.

ದೀಪಾವಳಿಯ ಹೊತ್ತಿಗೆ ಕೆಮ್ಮು ನಿಂತಿತು. ಮೆಟ್ಟಿಲ ಸದ್ದಿನಿಂದ ಇವರು ಬಂದದ್ದು ತಿಳಿಯದೆ ಚಹಾ ತಡವಾಗತೊಡಗಿತು. ಮಾಸ್ಕಿನಿಂದ ನಿಂತಿತೋ ಹರಕೆಯಿಂದ ನಿಂತಿತೋ ಎಂದು ಕೇಳಿದರೆ ನನಗೆ ಎರಡೂ ಬೇರೆಯಲ್ಲ. ಹರಕೆ ಕೇಳಿಸಿಕೊಂಡವನೇ ಮೈಸೂರಿನಿಂದ ಆ ಹುಡುಗಿಯನ್ನು ಕಳಿಸಿದ ಎಂದು ನಾನು ನಂಬಿದೆ, ಈಗಲೂ ನಂಬುತ್ತೇನೆ. ಅಂದಮೇಲೆ ಹರಕೆ ಸಲ್ಲಿಸಬೇಕು. ವೃಶ್ಚಿಕ ಮಾಸದ ಮೊದಲ ದಿನ ಇವರು ಕಲ್ಯಾಣದ ಗುರುಸ್ವಾಮಿಗಳ ಕೈಯಿಂದ ಮಾಲೆ ಹಾಕಿಸಿಕೊಂಡರು. ಗುರುಸ್ವಾಮಿಗಳು ಎಂದರೆ ಲೆಕ್ಕವಿಲ್ಲದಷ್ಟು ಸಲ ಬೆಟ್ಟ ಹತ್ತಿದ ನಮ್ಮೂರ ಕಡೆಯ ಹಿರಿಯರು. ಜೀವಮಾನವಿಡೀ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಈಗ ವಿಶ್ರಾಂತಿಯಲ್ಲಿರುವವರು.

ಮಾಲೆ ಹಾಕಿದ ಮೇಲೆ ಕಪ್ಪು ಬಟ್ಟೆ, ಎರಡು ಹೊತ್ತು ತಣ್ಣೀರ ಸ್ನಾನ, ನೆಲದ ಮೇಲೆ ಚಾಪೆ, ಬರಿಗಾಲು. ಕ್ಷೌರ ಇಲ್ಲ. ಆ ಗಂಡಸನ್ನು ಎಲ್ಲರೂ ಸ್ವಾಮಿ ಎಂದೇ ಕರೆಯಬೇಕು, ಹೆಂಡತಿಯೂ. ಅವರು ಹೆಂಗಸರನ್ನೆಲ್ಲ ಅಮ್ಮ ಎನ್ನಬೇಕು, ಹೆಂಡತಿಯನ್ನೂ. ಹೀಗೆ ನಮ್ಮ ಮನೆಯಲ್ಲಿ, "ಸ್ವಾಮಿ, ಗ್ಯಾಸಿನವನು ಬಂದಿದ್ದ," ಎಂದು ನಾನೂ, "ಅಮ್ಮಾ, ಒಂದು ಲೋಟ ನೀರು," ಎಂದು ಇವರೂ ನಡೆದುಕೊಂಡೆವು.

ಹನ್ನೆರಡನೆಯ ದಿನಕ್ಕೋ ಹದಿಮೂರನೆಯ ದಿನಕ್ಕೋ ಬೆಳಗಿನ ಶರಣು ಕೂಗುವಾಗ ಇವರ ಸ್ವರ ಮುರಿಯಿತು. ಶರಣು ಕೂಗುವುದರಲ್ಲಿ ಇವರದು ದೊಡ್ಡ ಹೆಸರು. "ಸ್ವಾಮಿಯೇ" ಎಂದು ಎಳೆದರೆ ಆ ಎಳೆತ ಮುಗಿಯುವುದರೊಳಗೆ ನಾನು ಒಂದು ದೋಸೆ ಮಗುಚಬಹುದು. ಆ ದಿನ ನಡುವಿನಲ್ಲೇ ತುಂಡಾಯಿತು. ಕೆಮ್ಮು. ಚಳಿ, ತಣ್ಣೀರು ಎಂದರು. ನಾನು ಕಷಾಯ ಮಾಡಿದೆ. ಮಾಡುತ್ತಾ ಮಾಡುತ್ತಾ ಒಂದು ವಾರ ಕಳೆದೆ.

ಆ ಶುಕ್ರವಾರ ಮಾಸ್ಕಿನ ಒಳಭಾಗ ಒರೆಸಿದ ಬಟ್ಟೆಯ ಮೇಲೆ ನೀಲಿ ಗೆರೆ ಬಂತು. ಅಂಚಿನ ಉದ್ದಕ್ಕೂ, ಗಲ್ಲದ ಕಡೆ ದಪ್ಪಗೆ, ಕೆನ್ನೆಯ ಕಡೆ ತೆಳ್ಳಗೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಚಾಪೆಯ ಮೇಲೆ ಕೂತು ಪೇಪರ್ ಓದುತ್ತಿದ್ದ ಇವರ ಮುಖ ನೋಡಿದೆ. ಗೆರೆ ಇದ್ದದ್ದು ಸರಿಯಾಗಿ ಗಡ್ಡ ಬೆಳೆದ ಜಾಗದಲ್ಲಿ. ದಸರಾದ ದಿನ ಆ ಹುಡುಗಿ ಹೇಳಿದ್ದು ಆಗ ನನ್ನ ತಲೆಗೆ ಇಳಿಯಿತು, ಎರಡು ತಿಂಗಳು ತಡವಾಗಿ.

"ಸ್ವಾಮಿ," ಎಂದೆ, "ಈ ಗಡ್ಡದಲ್ಲಿ ಮಾಸ್ಕ್ ಕೂರ್ತದಾ?"

"ಕೂರ್ತದೆ."

"ಆ ಹುಡುಗಿ ಪುನಃ ಪರೀಕ್ಷೆ ಮಾಡಿದ್ಳಾ?"

ಪೇಪರಿನ ಹಾಳೆ ತಿರುಗಿತು. "ಮಾಡಿದ್ಳು."

"ಕಹಿ ಗೊತ್ತಾಯ್ತಾ?"

"ಸ್ವಲ್ಪ."

"ಸ್ವಾಮಿ, ವ್ರತದಲ್ಲಿ ಸುಳ್ಳು ಹೇಳಬಾರದು."

"ಆಯ್ತಮ್ಮಾ, ಹಾಗಲಕಾಯಿ ಜಗಿದ ಹಾಗೆ ಆಯ್ತು. ಸಾಕಾ?"

ಒಂದೊಂದಾಗಿ ಹೊರಗೆ ಬಂತು. ಗಡ್ಡ ಇರುವಷ್ಟು ದಿನ ಪ್ಯಾಕಿಂಗ್ ವಿಭಾಗದೊಳಗೆ ಕಾಲಿಡಬೇಡಿ ಎಂದು ಅವಳು ಬರೆದು ಕೊಟ್ಟಿದ್ದಾಳೆ. ಇವರು ಆ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು ಒಳಗೆ ಹೋಗಿದ್ದಾರೆ. ಯಾಕೆಂದರೆ ನೀಲಿಯ ಛಾಯೆ ಸರಿಯಿದೆಯೋ ಇಲ್ಲವೋ ಎಂದು ನೋಡುವ ಕಣ್ಣು ಇಡೀ ಅಂಬರನಾಥದಲ್ಲಿ ಇವರೊಬ್ಬರಿಗೇ ದೇವರು ಕೊಟ್ಟದ್ದಂತೆ. ಹತ್ತು ನಿಮಿಷದ ಕೆಲಸವಂತೆ. ಹತ್ತು ನಿಮಿಷ ದಿನಕ್ಕೆ ಎಷ್ಟು ಸಲ ಎಂದು ಕೇಳಿದ್ದಕ್ಕೆ ಪೇಪರನ್ನು ಮುಖದವರೆಗೆ ಎತ್ತಿಕೊಂಡರು.

ನಾನು ಅವಳಿಗೆ ಫೋನ್ ಮಾಡಿದೆ. ಅವಳ ದನಿಯಲ್ಲೂ ಬೇಸರ. "ನಾನೂ ಹೇಳಿ ಹೇಳಿ ಸಾಕಾಗಿದೆ ಆಂಟಿ. ಗಡ್ಡ ಇರೋರಿಗೆ ಬೇರೆ ಥರದ್ದು ಬರತ್ತೆ. ತಲೆಗೆ ಪೂರ್ತಿ ಹಾಕೋ ಟೋಪಿ, ಸೊಂಟಕ್ಕೆ ಸಣ್ಣ ಫ್ಯಾನು, ಸೋಸಿದ ಗಾಳಿ ಒಳಗೆ ಊದತ್ತೆ. ಎರಡು ತಿಂಗಳಿಂದ ಕೇಳ್ತಾ ಇದೀನಿ. ಫೈಲು ಮಹಾಪೆ ಹೆಡ್ ಆಫೀಸಲ್ಲಿದೆ."

"ಮಹಾಪೆ ಏನು ಅಮೆರಿಕದಲ್ಲಿದ್ಯಾ?"

"ಅಮೆರಿಕದಿಂದ ಆಗಿದ್ರೆ ಬಂದ್ಬಿಡ್ತಿತ್ತು ಆಂಟಿ."

ಫೋನ್ ಇಟ್ಟು ಇವರ ಎದುರಿಗೆ ಕೂತೆ. ಶೇವ್ ಮಾಡಿ ಎಂದೆ. ಇವರು ಆಗದು ಎಂದು ಗಟ್ಟಿಯಾಗಿ ತಲೆಯಲ್ಲಾಡಿಸಿದರು. ಸೋಮಾರಿತನ, ಜಂಭ, ಗಂಡಸರ ಹಟ ಎಂದೆಲ್ಲ ನಾನು ಎಣಿಸಿದ್ದೆ. ಆದರೆ ಇವರು ಪೇಪರ್ ಮಡಚಿಟ್ಟು, ಮಾಲೆಯ ಮೇಲೆ ಕೈಯಿಟ್ಟುಕೊಂಡು ಹೇಳಿದ್ದು ಬೇರೆ.

"ಕೆಮ್ಮು ಹೋದದ್ದು ನಿನ್ನ ಹರಕೆಯಿಂದ. ಆ ರಬ್ಬರಿನಿಂದ ಅಲ್ಲ. ಈಗ ವ್ರತ ಮುರಿದ್ರೆ ಪುನಃ ಬಂದ ಈ ಕೆಮ್ಮು ನಿಲ್ಲುವುದೇ ಇಲ್ಲ, ನೋಡು. ಅದಕ್ಕೆ ಹೆದರ್ತೇನೆ ನಾನು."

ಅಮ್ಮ ಎನ್ನುವುದನ್ನೂ ಮರೆತು ನೀನು ಎಂದುಬಿಟ್ಟಿದ್ದರು. ಇಷ್ಟು ವರ್ಷ ನನ್ನ ದೀಪ, ನನ್ನ ಎಳ್ಳೆಣ್ಣೆ ನೋಡಿ ನಕ್ಕವರು ನನ್ನ ಹರಕೆಯನ್ನು ನನಗಿಂತ ಹೆಚ್ಚು ನಂಬಿ ಕೂತಿದ್ದರು. ದೇವರ ಹಲಗೆಯ ಮುಂದೆ ಹೋಗಿ ನಿಂತೆ. ಕೆಮ್ಮು ಹೋಗಲಿ ಎಂದು ಹೇಳಿಕೊಂಡದ್ದೇ ಕೆಮ್ಮನ್ನು ಕರೆತಂದಿದೆ. ಕಟ್ಟಿದವಳು ನಾನು, ಬಿಡಿಸುವುದು ಹೇಗೆಂದು ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಆ ಸಂಜೆ ದೇವರ ಮೇಲೂ ಸಿಟ್ಟು ಬಂತು. ದೀಪ ಹಚ್ಚಿದೆ, ಬೆರಳು ಮಡಚಲಿಲ್ಲ.

ಮರುದಿನ ಶನಿವಾರ, ಕಲ್ಯಾಣದ ಒಂದು ಸಭಾಗೃಹದಲ್ಲಿ ಭಜನೆ. ಇವರು ಅಂಬರನಾಥದಿಂದ ನೇರ ಅಲ್ಲಿಗೆ ಬರುವವರು. ನಾನು ಡೊಂಬಿವಲಿಯಿಂದ ಹೋದೆ, ಆ ಬಟ್ಟೆಯನ್ನು ತೊಳೆಯದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು.

ಭಜನೆಯ ಕೊನೆಗೆ ನೂರೆಂಟು ಶರಣು. ಕೂಗುವವರು ಒಬ್ಬರು, "ಶರಣಮಯ್ಯಪ್ಪ" ಎಂದು ಉಳಿದವರು ಹೇಳುವುದು. ಗುರುಸ್ವಾಮಿಗಳು ಎಂದಿನಂತೆ ಇವರಿಗೆ ಸನ್ನೆ ಮಾಡಿದರು. ಹತ್ತೂ ದಾಟಿರಲಿಲ್ಲ. ಇವರು ಬಾಯಿಗೆ ಶಾಲು ಒತ್ತಿಕೊಂಡು ಮುಂದಕ್ಕೆ ಬಾಗಿದರು. ಮರುದನಿ ಕೊಡಬೇಕಾದವರು ಕಾದರು. ಪುನಃ ಕೂಗಲು ಹೋದರು, ಪುನಃ ಆಗಲಿಲ್ಲ. ಗುರುಸ್ವಾಮಿಗಳು ಪಕ್ಕದವರಿಗೆ ಕೈ ತೋರಿಸಿದರು. ಅವರು ಮುಂದುವರಿಸಿದರು. ಇವರು ತಲೆ ತಗ್ಗಿಸಿ ನೆಲ ನೋಡುತ್ತಾ ಕೂತರು. ಗಂಡಸರ ಆ ಸಾಲಿನಲ್ಲಿ ಕೆಂಪಾದ ಇವರ ಕಿವಿ ನನಗೆ ದೂರದಿಂದಲೇ ಕಾಣುತ್ತಿತ್ತು.

ಪ್ರಸಾದ ಹಂಚುವಾಗ ನಾನು ಗುರುಸ್ವಾಮಿಗಳ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಇವರನ್ನು ಕರೆದರು. ಬಟ್ಟೆಯನ್ನು ಬಿಡಿಸಿ, ನೀಲಿ ಗೆರೆಯ ಮೇಲೆ ಹೆಬ್ಬೆರಳು ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದರು.

"ಇದು ಹೊರಗೆ ಒರೆಸಿದ್ದಾ?"

"ಒಳಗೆ ಸ್ವಾಮಿ."

"ಮೂಗಿನ ಕಡೆ?"

"ಹೌದು."

ಅವರು ಇವರನ್ನು ನೋಡಿ, "ಹಣ್ಣಿನ ಹಾಗಿದ್ದ ಸ್ವರ ಎಲ್ಲಿ ಹೋಯ್ತು ಅಂತ ಕಾಣ್ತಿತ್ತು ನನಗೆ," ಎಂದರು. ಆಮೇಲೆ ನನಗೆ, "ಆದ್ರೆ ಅಮ್ಮಾ, ವ್ರತದಲ್ಲಿ ಕ್ಷೌರ ಉಂಟಾ? ನಾನು ಈ ಪ್ರಾಯದಲ್ಲಿ ಹೊಸ ಪದ್ಧತಿ ಮಾಡುವುದಾ?"

"ಬರಿಗಾಲು ಅಂತಲೂ ಉಂಟಲ್ವಾ ಸ್ವಾಮಿ? ಆದ್ರೂ ಕಾರ್ಖಾನೆಯೊಳಗೆ ಬೂಟು ಹಾಕ್ಬಹುದು ಅಂತ ನೀವೇ ಮೊದಲ ದಿನ ಹೇಳಿದ್ರಿ. ಕಾಲ ಬೆರಳಿಗೆ ಕೊಟ್ಟ ಬಿಡುವು ಎದೆಗೆ ಇಲ್ವಾ?"

"ಬೂಟು ಸಂಜೆ ಬಿಚ್ಚಿಡ್ಬಹುದಮ್ಮಾ. ತೆಗೆದ ಗಡ್ಡ ಸಂಜೆ ಪುನಃ ಅಂಟಿಸ್ಲಿಕ್ಕೆ ಆಗ್ತದಾ?"

ಸುತ್ತ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ. "ಸ್ವಾಮಿ, ವ್ರತದ ನಡುವೆ ಮನೆಯಲ್ಲಿ ಸಾವಾದ್ರೆ ಏನು ಮಾಡ್ತಾರೆ?"

"ಸೂತಕ ಅಲ್ವಾ. ಮಾಲೆ ತೆಗೀಬೇಕು."

"ಸಾವಾದ ಮೇಲೆ ಮಾಲೆಯನ್ನೇ ತೆಗೆಯಲಿಕ್ಕೆ ಒಪ್ಪುವ ದೇವರು, ಅದಕ್ಕಿಂತ ಮೊದಲು ಬರೀ ಗಡ್ಡ ತೆಗೆಯಲಿಕ್ಕೆ ಒಪ್ಪುವುದಿಲ್ವಾ?"

ಆಡಬಾರದ ಮಾತು ಆಡಿದೆ ಎಂದು ಆಡಿದ ಮೇಲೆ ಅನ್ನಿಸಿತು. ಇವರು ನನ್ನ ಸೆರಗು ಹಿಡಿದು ಎಳೆದರು. ಗುರುಸ್ವಾಮಿಗಳು ಬಟ್ಟೆಯನ್ನು ನಿಧಾನವಾಗಿ ಮಡಚಿ, ಮಡಚಿದ್ದನ್ನು ಮತ್ತೆ ಬಿಡಿಸಿ, ಪುನಃ ಮಡಚಿದರು.

"ಮಾಲೆ ಇರ್ಲಿ," ಎಂದರು ಕೊನೆಗೆ. "ಗಡ್ಡ ತೆಗೀರಿ. ತಣ್ಣೀರು ಮಿಂದು, ಒಂದು ತಪ್ಪುಕಾಣಿಕೆ ಹಳದಿ ಬಟ್ಟೆಯಲ್ಲಿ ಕಟ್ಟಿಡಿ, ಬೆಟ್ಟಕ್ಕೆ ತೆಗೊಂಡು ಹೋಗುವ. ತಪ್ಪು ನನ್ನ ಹೆಸರಲ್ಲಿ ಇರ್ಲಿ. ನಾನು ಹೇಳಿದ್ದು ಅಂತ ಅಲ್ಲಿ ನಾನೇ ಹೇಳ್ತೇನೆ."

ಇವರ ಮುಖದ ಹೆದರಿಕೆ ಪೂರ್ತಿ ಹೋಗಲಿಲ್ಲ, ಆದರೆ ಹೊರಲು ಇನ್ನೊಬ್ಬರು ಸಿಕ್ಕರು ಎಂಬಂತೆ ಹೆಗಲು ಇಳಿಯಿತು. ಹಿಂದೆ ನಿಂತಿದ್ದ ಬ್ಯಾಂಕಿನ ಸ್ವಾಮಿಯೊಬ್ಬರು, "ಹೀಗೆ ಬಿಟ್ರೆ ನಾಳೆ ನಮ್ಮ ಆಫೀಸಿನವರೂ ಶೇವ್ ಮಾಡಿ ಅಂತಾರೆ," ಎಂದು ಗೊಣಗಿದರು. ಗುರುಸ್ವಾಮಿಗಳು ತಿರುಗದೆಯೇ, "ನಿಮ್ಮ ಬ್ಯಾಂಕಿನ ಏಸಿಯಿಂದ ನೀಲಿ ಪುಡಿ ಬರ್ತದಾ ಸ್ವಾಮಿ? ಬಂದ ದಿನ ಹೇಳಿ," ಎಂದರು.

ಭಾನುವಾರ ಕೆಲಸಕ್ಕೆ ಹೊರಡುವ ಮೊದಲು ಇವರು ಬಚ್ಚಲಿನ ಕನ್ನಡಿಯ ಮುಂದೆ ಮಾಲೆಯನ್ನು ಬೆನ್ನಿಗೆ ಸರಿಸಿಕೊಂಡು ಗಡ್ಡ ತೆಗೆದರು. ಪ್ರತಿ ಎಳೆತಕ್ಕೂ ಒಂದು ಶರಣು. ಹೊರಗೆ ಬಂದಾಗ ಮಗಳು ನೋಡಿ, "ಅಬ್ ಆಪ್ ಪಪ್ಪಾ ಲಗ್ ರಹೇ ಹೋ," ಎಂದಳು, ಈಗ ಪಪ್ಪನ ಹಾಗೆ ಕಾಣುತ್ತೀರಿ ಎಂದು. ಇವರು ಸಿಡುಕಿದರು. ಕಪ್ಪು ಪಂಚೆ, ರುದ್ರಾಕ್ಷಿ, ನುಣ್ಣನೆಯ ಗಲ್ಲ. ನಿಜಕ್ಕೂ ವೇಷ ಅರ್ಧ ಕಳಚಿದವರ ಹಾಗೆ ಕಾಣುತ್ತಿದ್ದರು. ಮಧ್ಯಾಹ್ನ ಆ ಹುಡುಗಿಯ ಫೋನ್ ಬಂತು. "ಕಹಿ ಇಲ್ಲ ಆಂಟಿ. ಮಾತಾಡಿ ಸರ್ ಅಂದ್ರೆ ಶರಣು ಕೂಗಿದ್ರು. ಇಡೀ ಪ್ಲಾಂಟಿಗೆ ಕೇಳಿಸ್ತು."

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಬಹುದಿತ್ತು. ಆ ವಾರ ಒರೆಸಿದಾಗ ಬಟ್ಟೆಯ ಮೇಲೆ ಮತ್ತೆ ನೀಲಿ. ಕೆನ್ನೆಯ ಕಡೆ ಇಲ್ಲ, ಗಲ್ಲದ ಕಡೆ ಒಂದು ಬೆರಳಗಲ. ನಾನು ಬಟ್ಟೆಯನ್ನು ಇವರ ತಟ್ಟೆಯ ಪಕ್ಕದಲ್ಲಿಟ್ಟೆ.

"ಒಂದೇ ಸಲ ಕೆಳಗೆ ಎಳೆದದ್ದು," ಎಂದರು, ಕೇಳುವ ಮೊದಲೇ. "ಫೋನ್ ಬಂತು. ಮಾಸ್ಕಿನೊಳಗಿಂದ ಮಾತಾಡಿದ್ರೆ ಅವರಿಗೆ ತಿಳಿಯುವುದಿಲ್ಲ."

"ಹೊರಗೆ ಬಂದು ಮಾತಾಡ್ಲಿಕ್ಕೆ ಏನಾಗಿತ್ತು? ಯಾರದು ಅಂಥಾ ಫೋನು?"

"ಮಹಾಪೆಯಿಂದ. ಆ ಫ್ಯಾನಿನ ಟೋಪಿ ನಿಜಕ್ಕೂ ಬೇಕಾ ಅಂತ ಕೇಳ್ಲಿಕ್ಕೆ."

ನಾನು ಸಾಂಬಾರು ಬಡಿಸಿದೆ. ಬಡಿಸುವಾಗ ಸೌಟು ತಟ್ಟೆಗೆ ಸ್ವಲ್ಪ ಜೋರಾಗಿಯೇ ತಾಗಿತು. ಆಮೇಲೆ ಹೇಳಿದೆ, ವ್ರತವೋ ಅಲ್ಲವೋ, ಇನ್ನೊಮ್ಮೆ ಮಾಸ್ಕ್ ಗಲ್ಲದ ಕೆಳಗೆ ಬಂದರೆ ನಾನೇ ಅಂಬರನಾಥಕ್ಕೆ ಬಂದು ಪ್ಯಾಕಿಂಗ್ ವಿಭಾಗದ ಬಾಗಿಲಲ್ಲಿ, ಮೊದಲು ಬೆಲ್ಲ ಇಡುತ್ತಿದ್ದ ಜಾಗದಲ್ಲಿ, ಕುರ್ಚಿ ಹಾಕಿ ಕೂರುತ್ತೇನೆ ಎಂದು. ನಾನು ಅಂದದ್ದನ್ನು ಮಾಡುವವಳು ಎಂದು ಇವರಿಗೆ ಗೊತ್ತಿದೆ. ಮುಂದಿನ ಶುಕ್ರವಾರ ಬಟ್ಟೆ ಬಿಳಿಯಾಗಿ ಬಂತು. ಅದರ ಮುಂದಿನ ವಾರವೂ.

ಇರುಮುಡಿ ಕಟ್ಟುವ ದಿನ ಅದೇ ಸಭಾಗೃಹ. ಬೆಟ್ಟಕ್ಕೆ ಹೊರುವ ಗಂಟಿಗೆ ಮನೆಯವರು ಬೊಗಸೆಯಲ್ಲಿ ಅಕ್ಕಿ ಹಾಕಬೇಕು. ನಾನು ಸಾಲಿನಲ್ಲಿ ನಿಂತಿದ್ದಾಗ ಗುರುಸ್ವಾಮಿಗಳು ಇವರಿಗೆ ಸನ್ನೆ ಮಾಡಿದರು. ಇವರು ಗಂಟಲು ಸರಿಮಾಡಿಕೊಂಡರು. ನನ್ನ ಬೊಗಸೆಯಲ್ಲಿ ಅಕ್ಕಿ, ಎಣಿಸಲು ಬೆರಳು ಖಾಲಿಯಿಲ್ಲ, ಮನಸ್ಸಿನಲ್ಲೇ ಎಣಿಸಿದೆ. ಹತ್ತು ದಾಟಿತು. ಇಪ್ಪತ್ತು, ನಲವತ್ತು. ಎಪ್ಪತ್ತರ ಹತ್ತಿರ ಸ್ವರ ಒಡೆಯಿತು. ನನ್ನ ಕೈಯಿಂದ ಒಂದಿಷ್ಟು ಅಕ್ಕಿ ನೆಲಕ್ಕೆ ಜಾರಿತು. ಇವರು ಕೆಮ್ಮಿದರು, ಒಂದು ಗುಟುಕು ನೀರು ಕುಡಿದರು, ಒಮ್ಮೆ ಉದ್ದನೆಯ ಉಸಿರೆಳೆದುಕೊಂಡರು. ಮತ್ತೆ ಹಿಡಿದವರು ನೂರೆಂಟಕ್ಕೇ ನಿಲ್ಲಿಸಿದ್ದು. ನಡುವೆ ಒಂದೇ ಸಲ ನೀರು. ಒಂದೇ ಸಲ.

ಇರುಮುಡಿ ತಲೆಗೇರಿದ ಮೇಲೆ ಹೋಗಿ ಬರುತ್ತೇನೆ ಎನ್ನಬಾರದು, ತಿರುಗಿ ನೋಡಬಾರದು. ಇವರು ಗಂಟು ಹೊತ್ತು ಸಭಾಗೃಹದ ಮೆಟ್ಟಿಲಿಳಿಯತೊಡಗಿದರು. ಐದಾರು ಮೆಟ್ಟಿಲು ಇಳಿದವರು ನಿಂತರು. ಮುಖ ಬೀದಿಯ ಕಡೆಗೇ ಇತ್ತು.

"ಅಮ್ಮಾ," ಎಂದರು, ಎಲ್ಲರಿಗೂ ಕೇಳುವ ಹಾಗೆ. "ಮಾಸ್ಕ್ ಮೊಳೆಯಲ್ಲಿ ಉಂಟು. ನಾನಿಲ್ಲ ಅಂತ ಫಿಲ್ಟರ್ ತೊಳೀಬೇಡಿ."